ಹದಿನೈದು ಸುತ್ತಿನ ಮೋಟಾರು ಮತ್ತು ಭಾನುವಾರದ ನಿದ್ದೆ

ಹಸೀನಾಳಿಗೆ ಈ ಲೋಕದಲ್ಲಿ ಬೇಕಾಗಿದ್ದುದು ಒಂದೇ: ಭಾನುವಾರ ಬೆಳಗಿನ ನಿದ್ದೆ. ಬಂಗಾರದ ಬಳೆ ಬೇಡ, ಮಹಡಿ ಮನೆ ಬೇಡ. ಬೆಳಗಿನ ನಮಾಝ್ ಮುಗಿಸಿ ಮತ್ತೆ ಹೊದಿಕೆಯೊಳಗೆ ನುಸುಳಬೇಕು, ಬಿಸಿಲು ಕಿಟಕಿಯ ಸರಳು ದಾಟಿ ಕಾಲ ಮೇಲೆ ಬೀಳುವ ತನಕ ಏಳಬಾರದು. ಅಷ್ಟೆ. ವಾರದ ಉಳಿದ ದಿನವೆಲ್ಲ ಅವಳ ಕಾಲು ಕಾಪು ಪೇಟೆಯ ಟೈಲರಿಂಗ್ ಅಂಗಡಿಯ ಮೆಷಿನ್ನಿನ ಪೆಡಲಿನ ಮೇಲೆಯೇ. ಸಂಜೆ ಮನೆಗೆ ಬಂದರೆ ಅಲ್ಲೊಂದು ಮೆಷಿನ್ನು, ಅದರ ಮೇಲೆ ಅಕ್ಕಪಕ್ಕದವರ ಬ್ಲೌಸು, ಚೂಡಿದಾರ. ಮೇ ತಿಂಗಳಂತೂ ಕೇಳುವುದೇ ಬೇಡ. ಶಾಲೆ ಶುರುವಾಗುವ ಮೊದಲು ಊರಿನ ಅರ್ಧ ಮಕ್ಕಳ ಯೂನಿಫಾರ್ಮು ಅವಳ ಸೂಜಿಯ ಕೆಳಗೆ ಹಾದುಹೋಗಬೇಕು.

ಆ ಒಂದು ನಿದ್ದೆಗೆ ಕಲ್ಲು ಹಾಕಿದವಳು ಸ್ವಂತ ಮಗಳು ಆಸ್ಯಾ. ಉಡುಪಿಯಲ್ಲಿ ಡಿಗ್ರಿ ಓದುವ ಹುಡುಗಿ. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಆದರೆ ಎರಡು ವರ್ಷದ ಹಿಂದೆ ಗೆಳತಿಯ ಜೊತೆ ಮಣಿಪಾಲಕ್ಕೆ ಹೋದವಳು ಅಲ್ಲಿನ ಮೈದಾನದಲ್ಲಿ ರಿಮೋಟ್ ಕಾರುಗಳ ರೇಸು ನೋಡಿ ಬಂದಳು, ಅಂದಿನಿಂದ ಹುಚ್ಚು ಹಿಡಿಯಿತು. ಮೊಳದುದ್ದದ ಕಾರು, ಕೈಯಲ್ಲಿ ರಿಮೋಟು, ಕಣ್ಣು ರೆಪ್ಪೆ ಹೊಡೆಯುವುದರೊಳಗೆ ಕಾರು ಆ ತುದಿಯಲ್ಲಿ. ಹಸೀನಾ ಮೊದಲು ಬೈದಳು. ಆಮೇಲೆ ಕಾರಿನ ಸಡಿಲ ಸ್ಕ್ರೂ ಬಿಗಿ ಮಾಡಿಕೊಟ್ಟಳು. ಆಮೇಲೆ ಬೆಸುಗೆ ಹಾಕಲು ಕಲಿತಳು. ಕೊನೆಗೆ ನೋಡಿದರೆ ಪ್ರತಿ ಭಾನುವಾರ ಬೆಳಕು ಹರಿಯುವ ಮೊದಲು ಟವೆಲಿನಲ್ಲಿ ಸುತ್ತಿದ ಕಾರನ್ನು ಕೂಸಿನ ಹಾಗೆ ಎದೆಗವಚಿಕೊಂಡು, ಪಡುಬಿದ್ರಿಗೆ ಒಂದು ಬಸ್ಸು, ಅಲ್ಲಿಂದ ಕಾರ್ಕಳಕ್ಕೆ ಇನ್ನೊಂದು ಬಸ್ಸು ಹತ್ತುತ್ತಿದ್ದವಳು ಅವಳೇ.

ಕಾರ್ಕಳವೇ ಯಾಕೆಂದರೆ ಅದು ಕ್ಲಬ್ಬಿನ ಕಟ್ಟಳೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಹುಡುಗ ಹುಡುಗಿಯರು ಸೇರಿ ಕಟ್ಟಿಕೊಂಡ ಆ ಕ್ಲಬ್ಬಿಗೆ ಸ್ವಂತ ಜಾಗವಿಲ್ಲ. ಆದ್ದರಿಂದ ಮಳೆಗಾಲಕ್ಕೆ ಮೊದಲಿನ ಕೊನೆಯ ರೇಸನ್ನು ಯಾರು ಗೆಲ್ಲುತ್ತಾರೋ, ಮಳೆ ನಿಂತ ಮೇಲಿನ ಇಡೀ ವರ್ಷದ ಟ್ರ್ಯಾಕು ಅವರ ಮನೆಯ ಜಾಗದಲ್ಲಿ. ಕಳೆದ ವರ್ಷ ಗೆದ್ದವನು ಕಾರ್ಕಳದ ಬ್ರ್ಯಾಂಡನ್. ಹಾಗಾಗಿ ಈ ವರ್ಷ ಎಲ್ಲರೂ ಅವನ ತಾಯಿ ಸೆಲೀನ್ ಟೀಚರರ ಹಿತ್ತಿಲಿಗೆ.

ಹಸೀನಾಳ ಲೆಕ್ಕ ಸರಳ. ಆಸ್ಯಾ ಗೆದ್ದರೆ ಟ್ರ್ಯಾಕು ಕಾಪುವಿಗೆ ಬರುತ್ತದೆ. ಮನೆಯ ಹಿಂದೆ ಭಾವನ ಖಾಲಿ ಜಾಗ ಬಿದ್ದುಕೊಂಡಿದೆ. ಮಗಳು ಹಿಂದಿನ ಬಾಗಿಲು ತೆರೆದರೆ ಟ್ರ್ಯಾಕು, ತಾಯಿ ಬಾಗಿಲು ಹಾಕಿಕೊಂಡರೆ ಹಾಸಿಗೆ.

ಹೀಗಾಗಿ ಕೊನೆಯ ರೇಸಿಗೆ ಎರಡು ದಿನವಿದ್ದ ಆ ಶುಕ್ರವಾರ ಮೋಟಾರು ಆರಿಸುವ ಮಾತು ಬಂದಾಗ ಹಸೀನಾ ಸುಮ್ಮನಿರುವ ಹಾಗಿರಲಿಲ್ಲ.

ಮೇಜಿನ ಮೇಲೆ ಎರಡು ಹೊಸ ಮೋಟಾರುಗಳಿದ್ದವು, ಎರಡೂ ದಪ್ಪ ಬ್ಯಾಟರಿ ಸೆಲ್ಲಿನ ಗಾತ್ರದವು, ಹೊರಗಿನಿಂದ ಅಕ್ಕ ತಂಗಿಯರಂತೆ ಒಂದೇ ರೂಪ. ಒಳಗೆ ತಾಮ್ರದ ತಂತಿ ಎಷ್ಟು ಸುತ್ತು ಸುತ್ತಿದ್ದಾರೆ ಎಂಬುದೇ ವ್ಯತ್ಯಾಸ. ಒಂದು ಹದಿನೈದು ಸುತ್ತಿನದು, ಇನ್ನೊಂದು ಇಪ್ಪತ್ತೇಳು. ಸುತ್ತು ಕಡಿಮೆಯಾದಷ್ಟೂ ಓಟ ಜಾಸ್ತಿ, ಅದರ ಜೊತೆಗೆ ಬಿಸಿಯೂ ಜಾಸ್ತಿ. ಸುತ್ತು ಹೆಚ್ಚಿದ್ದರೆ ಓಟ ಸ್ವಲ್ಪ ಕಡಿಮೆ, ಆದರೆ ತಿರುವಿನಿಂದ ಎದ್ದು ಬರುವಾಗ ಎತ್ತಿನ ಹಾಗೆ ಎಳೆಯುತ್ತದೆ.

"ಇಪ್ಪತ್ತೇಳು ಸಾಕು ಉಮ್ಮ," ಎಂದಳು ಆಸ್ಯಾ. "ಟೀಚರ ಹಿತ್ತಿಲಿನಲ್ಲಿ ಬರೀ ತಿರುವು. ಆ ಹಲಸಿನ ಮರದ ಹತ್ತಿರ ಮುರಕಲ್ಲಿನ ಜಾರು ಹುಡಿ ಬೇರೆ. ಹದಿನೈದು ಹಾಕಿದ್ರೆ ಕಾರು ಮರ ಹತ್ತಿ ಹಲಸು ಕೊಯ್ದುಕೊಂಡು ಬರ್ತದೆ."

"ಬ್ರ್ಯಾಂಡನ್ ಎಂತ ಹಾಕ್ತಾನೆ?"

"ಹನ್ನೆರಡು."

"ನೋಡಿದ್ಯಾ! ಅವನು ಹನ್ನೆರಡು ಹಾಕುವಾಗ ನಾವು ಇಪ್ಪತ್ತೇಳು ಹಾಕಿ ಎಂತ, ಅವನ ಹಿಂದೆ ಮೆರವಣಿಗೆ ಹೋಗುವುದಾ?"

ಗೋಡೆಗೆ ಒರಗಿಸಿಟ್ಟ ಫೋನಿನಲ್ಲಿ ಗಲ್ಫಿನ ಜುಬೈಲಿನಿಂದ ಜಮಾಲನ ಮುಖ. ಹಸೀನಾಳ ಗಂಡನಿಗೆ ಅಲ್ಲಿ ಶುಕ್ರವಾರ ರಜೆ. ರಜೆಯ ದಿನ ಅವನು ಮನೆಯ ಎಲ್ಲ ವಿಷಯದಲ್ಲೂ ತೀರ್ಪು ಕೊಡುತ್ತಿದ್ದ.

"ಹದಿನೈದು ಹಾಕಿ," ಎಂದ ಜಮಾಲ್. "ಓಡುವುದು ರೇಸು ಅಲ್ವಾ? ನಿಧಾನ ಹೋಗುವುದಾದ್ರೆ ಬಸ್ಸಿನಲ್ಲೇ ಹೋಗಬಹುದು."

"ನಿಮಗೆ ಅಲ್ಲಿ ಕೂತು ಹೇಳ್ಲಿಕ್ಕೆ ಎಂತ, ಡ್ರೈವ್ ಮಾಡುವುದು ನಾನು!" ಎಂದಳು ಆಸ್ಯಾ.

"ಪೂರ್ತಿ ಒತ್ತಬೇಡ, ಅಷ್ಟೇ," ಎಂದಳು ಹಸೀನಾ. "ನನ್ನ ಮೆಷಿನ್ನು ಎಷ್ಟು ಜೋರು ಓಡ್ತದೆ ಗೊತ್ತುಂಟಲ್ಲ? ಕಾಲರ್ ಬಂದಾಗ ನಾನು ಕಾಲು ಸಡಿಲ ಬಿಡುವುದಿಲ್ವಾ? ವೇಗ ಇದ್ದವನು ಕಡಿಮೆ ಮಾಡಬಹುದು. ಇಲ್ಲದವನು ಎಲ್ಲಿಂದ ತರ್ತಾನೆ?"

ಮಾತು ಚೆನ್ನಾಗಿತ್ತು. ಅವಳಿಗೇ ಅಷ್ಟು ಚೆನ್ನಾಗಿ ಕಂಡಿತೆಂದರೆ, ಅದು ತನ್ನ ಬುದ್ಧಿ ಆಡಿದ ಮಾತೋ ನಿದ್ದೆಗೆಟ್ಟ ಕಣ್ಣು ಆಡಿಸಿದ ಮಾತೋ ಎಂದು ಕೇಳಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಇಬ್ಬರ ಎದುರು ಒಬ್ಬಳು; ಆಸ್ಯಾ ಇಪ್ಪತ್ತೇಳನ್ನು ಹಳೆಯ ಬಿಸ್ಕೆಟಿನ ಡಬ್ಬಿಗೆ ಹಾಕಿ ಮುಚ್ಚಳ ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ ಒತ್ತಿದಳು.

ಹೊಸ ಮೋಟಾರನ್ನು ನೇರ ಕಾರಿಗೆ ಹಾಕುವಂತಿಲ್ಲ. ಮಿಕ್ಸಿಯ ಮೋಟಾರಿನಲ್ಲಿ ಇರುವಂತೆ ಇದರಲ್ಲೂ ಎರಡು ಪುಟ್ಟ ಕಾರ್ಬನ್ ತುಂಡುಗಳಿರುತ್ತವೆ. ಹೊಸದರಲ್ಲಿ ಅವುಗಳ ತುದಿ ಚಪ್ಪಟೆ. ಅವು ಒರಸಿಕೊಂಡು ಹೋಗುವ ತಾಮ್ರವೋ ದುಂಡಗೆ. ಕಾರ್ಬನ್ ಸವೆದು ಆ ದುಂಡಿಗೆ ಸರಿಯಾಗಿ ಕೂತರೆ ಮಾತ್ರ ಮೋಟಾರಿಗೆ ಪೂರ್ತಿ ಕಸುವು. ಒಣಗಿದ್ದಾಗ ಓಡಿಸಿದರೆ ಇದಕ್ಕೆ ಬಹಳ ಹೊತ್ತು ಬೇಕು. ಅದಕ್ಕೆ ಕ್ಲಬ್ಬಿನವರೆಲ್ಲರ ಉಪಾಯ ಒಂದೇ: ಒಂದು ಲೋಟ ನೀರು, ಅದರೊಳಗೆ ಮುಳುಗಿಸಿದ ಮೋಟಾರು, ಒಂದು ಸಣ್ಣ ಬ್ಯಾಟರಿ. ಮೋಟಾರು ನೀರೊಳಗೆ ಗುರ್ರೆಂದು ತಿರುಗುತ್ತದೆ, ನೀರು ಕರ್ರಗಾಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಕಾರ್ಬನ್ ಹದಕ್ಕೆ ಬರುತ್ತದೆ.

ಸೋಮವಾರ ಆಸ್ಯಾಗೆ ಪರೀಕ್ಷೆ. ಹಸೀನಾ ತಾನೇ ಅಂಗಳದ ಬಾವಿಯಿಂದ ಒಂದು ಕೊಡಪಾನ ನೀರು ಸೇದಿದಳು. ಕನ್ನಡಿಯಂತಹ ನೀರು. ಅರ್ಧ ಅಡುಗೆಗೆ, ಅರ್ಧ ಮೋಟಾರಿಗೆ. ಲೋಟದಲ್ಲಿ ಹದಿನೈದನ್ನು ಮುಳುಗಿಸಿದಳು, ಕರ್ರಗಾದ ನೀರನ್ನು ಚೆಲ್ಲಿದಳು, ಮತ್ತೆ ತುಂಬಿಸಿ ಮತ್ತೆ ತಿರುಗಿಸಿದಳು. ಒರಸಿ, ಬಿಸಿಲಿಗೆ ಒಣಗಲಿ ಎಂದು ಅಡುಗೆಮನೆಯ ಕಿಟಕಿಯಲ್ಲಿಟ್ಟು, ಅದನ್ನು ಅಲ್ಲಿಯೇ ಮರೆತು ಯೂನಿಫಾರ್ಮಿನ ರಾಶಿಯೊಳಗೆ ಮುಳುಗಿದಳು.

ಶನಿವಾರ ಮಧ್ಯಾಹ್ನದ ಮೇಲೆ ಅಂಗಳದಲ್ಲಿ ಕಾರು ನಿಂತ ಶಬ್ದವಾಯಿತು. ಸೆಲೀನ್ ಟೀಚರು. ಚರ್ಚಿನಲ್ಲಿ ನಡೆಯುವ ತಂಗಿಯ ಮಗಳ ಮೊದಲ ಕಮ್ಯೂನಿಯನ್ನಿಗೆ ಬಿಳಿ ಫ್ರಾಕು ಹೊಲಿಯಲು ಹಸೀನಾಳಿಗೇ ಕೊಟ್ಟಿದ್ದರು. ಅದನ್ನು ಒಯ್ಯಲು ಬಂದಿದ್ದರು. ಫ್ರಾಕಿನ ಕೈಯ ಲೇಸನ್ನು ತಿರುಗಿಸಿ ಮುರುಗಿಸಿ ನೋಡಿ ಸಂತೋಷಪಟ್ಟರು. ಕೂತರು. ಕೂತವರೇ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದರು.

"ಎಂತ ಟೀಚರ್, ರಜೆಯಲ್ಲೂ ಸುಸ್ತಾ?"

"ರಜೆ ಶಾಲೆಗೆ ಹಸೀನಾ, ನನಗಲ್ಲ," ಎಂದರು ಟೀಚರು. ಇನ್ನೇನೋ ಹೇಳಲು ಹೋಗಿ ನಿಲ್ಲಿಸಿದರು.

ಹಸೀನಾ ಏಲಕ್ಕಿ ಜಜ್ಜಿ ಹಾಕಿ ಚಹಾ ತಂದಿಟ್ಟಳು. ಟೀಚರು ಒಂದು ಗುಟುಕು ಕುಡಿದವರು ಲೋಟವನ್ನು ನಿಧಾನ ಕೆಳಗಿಟ್ಟರು.

"ಹಸೀನಾ, ಚಾಕ್ಕೆ ಎಂತ ಹಾಕಿದ್ದೀರಿ?"

"ಏಲಕ್ಕಿ ಅಲ್ವಾ."

"ಅದಲ್ಲ. ಉಪ್ಪು."

"ಅಯ್ಯೋ! ಉಪ್ಪು ಯಾಕೆ ಹಾಕಲಿ ಟೀಚರ್? ಸಕ್ಕರೆ ಡಬ್ಬಿಯೇ ಬೇರೆ, ಉಪ್ಪಿನ ಭರಣಿಯೇ ಬೇರೆ."

ಆಸ್ಯಾ ತನ್ನ ಲೋಟದಿಂದ ಗುಟುಕರಿಸಿ, "ಸರಿ ಉಂಟಲ್ಲ," ಎಂದಳು. ಹಸೀನಾಳೂ ಕುಡಿದು ನೋಡಿದಳು. ದಿನಾ ಕುಡಿಯುವ ಅದೇ ಚಹಾ.

ಸೆಲೀನ್ ಟೀಚರಿಗೆ ನಗು ಬಂತು. "ನಿಮಗೆ ಅಭ್ಯಾಸ ಆಗಿ ಹೋಗಿದೆ. ಕಡಲು ಇಲ್ಲೇ ಉಂಟಲ್ಲ. ಮೇ ತಿಂಗಳಲ್ಲಿ ನಿಮ್ಮ ಬಾವಿಗೆ ಉಪ್ಪು ಬಂದಿದೆ. ದಿನಾ ಒಂದೊಂದು ಚೂರು ಜಾಸ್ತಿ ಆದ್ರೆ ನಾಲಿಗೆಗೆ ಎಲ್ಲಿ ಗೊತ್ತಾಗ್ತದೆ? ನನ್ನ ಹಾಗೆ ಹೊರಗಿನಿಂದ ಬಂದವರಿಗೆ ಗೊತ್ತಾಗುವುದು."

ಟೀಚರಿಗೆ ತಮ್ಮ ಕಾರ್ಕಳದ ಬಾವಿಯ ನೀರಿನ ಬಗ್ಗೆ ಭಾರೀ ಹೆಮ್ಮೆ. ಎಲ್ಲಿಗೆ ಹೋದರೂ ಬಾಟ್ಲಿಯಲ್ಲಿ ಅದನ್ನೇ ತುಂಬಿಸಿಕೊಂಡು ಹೋಗುವವರು. ಬೇರೆ ದಿನವಾಗಿದ್ದರೆ ಹಸೀನಾ ಇದನ್ನು ಆ ಹೆಮ್ಮೆಯ ಲೆಕ್ಕಕ್ಕೆ ಹಾಕಿ ಬಿಟ್ಟುಬಿಡುತ್ತಿದ್ದಳು. ಆದರೆ ಅವಳ ಕಣ್ಣು ತನ್ನಷ್ಟಕ್ಕೆ ಅಡುಗೆಮನೆಯ ಕಿಟಕಿಯ ಕಡೆ ತಿರುಗಿತು.

ಎದ್ದು ಹೋದಳು. ಹದಿನೈದನ್ನು ಕೈಗೆತ್ತಿಕೊಂಡಳು. ಮೂತಿಯ ಹತ್ತಿರ, ಕಬ್ಬಿಣದ ಕಂಬಿ ಹೊರಬರುವಲ್ಲಿ, ಕಂದು ಬಣ್ಣದ ಒಂದು ಗೆರೆ ಕಣ್ಣೀರಿನ ಹಾಗೆ ಇಳಿದಿತ್ತು. ಬೆರಳಲ್ಲಿ ತಿರುಗಿಸಿದಳು. ಬೆಣ್ಣೆಯಂತೆ ತಿರುಗಬೇಕಾದದ್ದು ಕರಕರ ಎಂದಿತು. ಬ್ಯಾಟರಿ ತಾಗಿಸಿದಳು. ಮೋಟಾರು ಒಮ್ಮೆ ಕೆಮ್ಮಿ, ಅರೆಮನಸ್ಸಿನಿಂದ ನಾಲ್ಕು ಸುತ್ತು ಬಂದು, ಸುಮ್ಮನಾಯಿತು.

"ನೀರಿಗೆ ಹಾಕಿದ್ರಾ?" ಹಿಂದಿನಿಂದ ಟೀಚರ ಸ್ವರ. "ಈ ನೀರಿಗೆ?"

ಹಸೀನಾ ಮೋಟಾರನ್ನು ಮತ್ತೆ ಕಿಟಕಿಯಲ್ಲಿಟ್ಟಳು. ಅವಳ ಕಣ್ಣ ಮುಂದೆ ಬಂದದ್ದು ಮೋಟಾರಲ್ಲ. ಪಡುಬಿದ್ರಿಯ ಬಸ್ ಸ್ಟ್ಯಾಂಡು, ನಸುಕಿನ ಕತ್ತಲು, ಇನ್ನೊಂದು ಇಡೀ ವರ್ಷದ ಭಾನುವಾರಗಳು.

ಆಸ್ಯಾ ಸದ್ದಿಲ್ಲದೆ ಬಿಸ್ಕೆಟಿನ ಡಬ್ಬಿ ತಂದು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು.

"ನಾನು ಎಂತ ಹೇಳಲಿಲ್ಲ ಉಮ್ಮ."

"ನೀನು ಹೇಳುವುದೇ ಬೇಡ. ನಿನ್ನ ಮುಖವೇ ಹೇಳ್ತಾ ಉಂಟು."

"ಮುಖಕ್ಕೆ ನಾನೆಂತ ಮಾಡ್ಲಿ? ಓಡಿ ಹೋಗಿ ಅಂಗಡಿಯಿಂದ ಬಾಟ್ಲಿ ನೀರು ತರ್ತೇನೆ."

"ಅಂಗಡಿ ನೀರು ಯಾಕೆ?" ಎಂದರು ಸೆಲೀನ್ ಟೀಚರು. ಚೀಲದಿಂದ ಸ್ಟೀಲಿನ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ಬಾವಿದು. ಬೆಲ್ಲ ಹಾಕದೆಯೇ ಸಿಹಿ."

ಹಸೀನಾ ಬಾಟ್ಲಿಯನ್ನು ನೋಡಿದಳು, ಟೀಚರನ್ನು ನೋಡಿದಳು. "ಟೀಚರ್, ಇದು ನಾಳೆ ನಿಮ್ಮ ಬ್ರ್ಯಾಂಡನಿನ ಎದುರು ಓಡುವ ಮೋಟಾರು."

"ಗೊತ್ತುಂಟು."

"ಆದ್ರೂ ಕೊಡ್ತೀರಾ?"

"ಕೊಡ್ತೇನೆ. ಸಾಲದಿದ್ರೆ ಹೇಳಿ, ಕಾರಿನಲ್ಲಿ ಇನ್ನೂ ಉಂಟು."

ಎಂತಹ ದೊಡ್ಡ ಮನಸ್ಸು ಎಂದುಕೊಂಡಳು ಹಸೀನಾ. ಕಣ್ಣು ತುಸು ಒದ್ದೆಯೂ ಆಯಿತು. ಕಾರ್ಕಳದ ನೀರಿನಲ್ಲಿ ಇಪ್ಪತ್ತೇಳು ಗುರ್ರೆಂದಿತು, ಲೋಟ ಕರ್ರಗಾಯಿತು. ಈ ಸಲ ಹಸೀನಾ ಮರೆಯಲಿಲ್ಲ. ಬಟ್ಟೆಯಲ್ಲಿ ಒತ್ತಿ, ಕೂದಲು ಒಣಗಿಸುವ ಡ್ರೈಯರ್ ಹಿಡಿದು, ಎರಡು ತುದಿಗೂ ಹೊಲಿಗೆ ಮೆಷಿನ್ನಿನ ಎಣ್ಣೆಯ ಒಂದೊಂದು ಹನಿ ಬಿಟ್ಟಳು. ಆಸ್ಯಾ ಅದರ ಕಂಬಿಗೆ ಸ್ವಲ್ಪ ದೊಡ್ಡ ಹಲ್ಲುಚಕ್ರ ಜೋಡಿಸಿದಳು, ಮೋಟಾರು ನಿಧಾನವಾದರೂ ಗಾಲಿ ತೀರಾ ಹಿಂದೆ ಬೀಳಬಾರದಲ್ಲ. ಸೆಲೀನ್ ಟೀಚರು ಹೊರಡುವಾಗ ಹುಡುಗಿಯ ಬೆನ್ನು ತಟ್ಟಿ, "ಚಂದ ಮಾಡಿ ಓಡಿಸು ಮಗಾ," ಎಂದು ಹೇಳಿದ ರೀತಿಯಲ್ಲಿ ಏನೋ ಒಂದು ಪ್ರಾರ್ಥನೆಯಂಥದ್ದು ಇತ್ತು.

ಭಾನುವಾರ ಹಿತ್ತಿಲ ತುಂಬ ಜನ. ಅರ್ಧ ಹೂತ ಪೈಪುಗಳ ನಡುವೆ ಕೆಂಪು ಮಣ್ಣಿನ ಟ್ರ್ಯಾಕು. ಹಿತ್ತಿಲ ಸುತ್ತಿನ ಗೋಡೆಯಾದ ಪಾಗಾರದ ಉದ್ದಕ್ಕೂ ಒಂದು ನೇರ ಓಟ, ಹಲಸಿನ ಮರದ ಬುಡದಲ್ಲಿ ಕತ್ತರಿ ತಿರುವು, ಆಮೇಲೆ ಹಾವಿನ ಹಾಗೆ ಬಳುಕಿಕೊಂಡು ಮತ್ತೆ ಪಾಗಾರ. ಓಡಿಸುವವರು ಸಾಲಾಗಿ ಇಟ್ಟ ಹಳೆಯ ಶಾಲಾ ಬೆಂಚಿನ ಮೇಲೆ. ಹಸೀನಾ ಎಂದಿನಂತೆ ಜಗಲಿಯಲ್ಲಿ ಕೂತಳು. ಎಂದಿನಂತೆ ಕೈಗೆ ಚಹಾ ಬಂತು, ತಟ್ಟೆಯಲ್ಲಿ ಗೋಳಿಬಜೆ ಬಂತು. ಚಹಾ ಪಕ್ಕಕ್ಕಿಟ್ಟು, ಒಂದು ಗೋಳಿಬಜೆ ಕೈಯಲ್ಲಿ ಹಿಡಿದು ಟ್ರ್ಯಾಕನ್ನೇ ನೋಡಿದಳು.

ಸೀಟಿ ಊದಿದ್ದೇ ತಡ, ಬ್ರ್ಯಾಂಡನಿನ ನೀಲಿ ಕಾರು ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹೋಯಿತು. ಪಾಗಾರ ಮುಗಿಯುವಷ್ಟರಲ್ಲಿ ಆಸ್ಯಾಳ ಹಳದಿ ಕಾರು ನಾಲ್ಕು ಮಾರು ಹಿಂದೆ. ಹಸೀನಾ ಕೈಯಲ್ಲಿದ್ದ ಗೋಳಿಬಜೆಯನ್ನು ಹಿಚುಕಿ ಹಿಟ್ಟು ಮಾಡಿದಳು.

ಆದರೆ ಹಲಸಿನ ಮರ ಬಂತು. ನೀಲಿ ಕಾರು ಹುಡಿಯ ಮೇಲೆ ಜಾರಿ ಅಗಲಕ್ಕೆ ಹೋಗಿ, ಗಾಲಿ ಸುಮ್ಮನೆ ತಿರುಗಿ ಕೆಂಪು ಧೂಳೆಬ್ಬಿಸಿತು. ಹಳದಿ ಕಾರು ಮರದ ಬೇರನ್ನು ಸವರಿಕೊಂಡೇ ಒಳಗಿನಿಂದ ತಿರುಗಿ ಎದ್ದು ಬಂತು. ನಾಲ್ಕು ಮಾರು ಎರಡಾಯಿತು. ಪಾಗಾರದಲ್ಲಿ ಮತ್ತೆ ನಾಲ್ಕು. ಮರದಲ್ಲಿ ಮತ್ತೆ ಎರಡು. ಹೀಗೆ ರೌಂಡಿನ ಮೇಲೆ ರೌಂಡು, ಹಸೀನಾಳ ಜೀವ ಮೇಲೆ ಕೆಳಗೆ.

"ಒತ್ತು! ಒತ್ತು!" ಕೆಲಸದ ನಡುವೆಯೇ ಫೋನಿನಲ್ಲಿ ಜಮಾಲ್ ಬೊಬ್ಬೆ ಹೊಡೆಯುತ್ತಿದ್ದ.

"ಸುಮ್ಮನಿರಿ, ನಿಮ್ಮ ಹದಿನೈದು ಕಿಟಕಿಯಲ್ಲಿ ತುಕ್ಕು ಹಿಡಿದು ಕೂತಿದೆ!"

"ನನ್ನ ಹದಿನೈದಾ? ಕಾಲರ್ ಕತೆ ಹೇಳಿದ್ದು ಯಾರು?"

ಬಿಸಿಲು ಏರಿತು. ಕೊನೆಯ ಕೆಲವು ರೌಂಡು ಉಳಿದಿರುವಾಗ ಹಸೀನಾಳ ಮೂಗಿಗೆ ಒಂದು ವಾಸನೆ ಬಂತು. ಅಂಗಡಿಯಲ್ಲಿ ದಪ್ಪ ಜೀನ್ಸ್ ಹೊಲಿದು ಹೊಲಿದು ಮೆಷಿನ್ನಿನ ಮೋಟಾರು ಬಿಸಿಯಾದಾಗ ಬರುವ ಅದೇ ವಾಸನೆ. ನೀಲಿ ಕಾರು ಪಾಗಾರದಲ್ಲಿ ಮೊದಲಿನ ಹಾಗೆ ಹಾರಲಿಲ್ಲ. ಹನ್ನೆರಡು ಸುತ್ತಿನ ತಂತಿ ಮೇ ತಿಂಗಳ ಬಿಸಿಲಿನಲ್ಲಿ ಬೆಂದು, ಕಸುವು ಸೋರಿಹೋಗುತ್ತಿತ್ತು. ಹಳದಿ ಕಾರು ಮಾತ್ರ ಶುರುವಿನಲ್ಲಿ ಹೇಗಿತ್ತೋ ಹಾಗೆಯೇ, ಗಾಣದ ಎತ್ತು ಸುತ್ತಿದ ಹಾಗೆ. ಕೊನೆಯ ರೌಂಡಿನ ಹಲಸಿನ ಮರದಲ್ಲಿ ಎರಡು ಕಾರುಗಳೂ ಜೊತೆಗೆ ಒಳಹೊಕ್ಕವು. ಧೂಳಿನಿಂದ ಮೊದಲು ಹೊರಬಂದದ್ದು ಹಳದಿ.

ಹಸೀನಾ ಎದ್ದು ಕುಣಿದದ್ದನ್ನು ಕಂಡವರು ಇದ್ದಾರೆ. ಅವಳು ಮಾತ್ರ ಒಪ್ಪುವುದಿಲ್ಲ. ಬ್ರ್ಯಾಂಡನ್ ಬೆಂಚಿನಿಂದ ಇಳಿದು ಬಂದು, "ಆಂಟಿ, ಎಂತ ಮೋಟಾರು ಅದು?" ಎಂದು ಕೇಳಿದ. "ನನ್ನ ಮಗಳು ಆರಿಸಿದ್ದು," ಎಂದಳು ಹಸೀನಾ. ಆಸ್ಯಾ ತಾಯಿಯ ಮುಖವನ್ನೇ ನೋಡಿದಳು, ಆಮೇಲೆ ನಕ್ಕು ತಾಯಿಯ ಹೆಗಲಿಗೆ ತಲೆಯಿಟ್ಟಳು.

ಆದರೆ ಅಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷದಲ್ಲಿದ್ದವರು ಬೇರೆಯವರು. ಸೆಲೀನ್ ಟೀಚರು. ಮಗ ಸೋತ ತಾಯಿಯ ಮುಖದಲ್ಲಿ ಅಂತಹ ಬೆಳಕನ್ನು ಹಸೀನಾ ಎಂದೂ ನೋಡಿರಲಿಲ್ಲ. ಅವರು ಅಡುಗೆಮನೆಯಿಂದ ಒಂದು ಭಾರೀ ಅಲ್ಯೂಮಿನಿಯಮ್ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಹಸೀನಾಳ ಕಾಲ ಬುಡದಲ್ಲಿ ಇಟ್ಟರು. ಒಳಗೆ ಕೈಯುದ್ದದ ಸೌಟು, ಗೋಳಿಬಜೆ ತೆಗೆಯುವ ಜಾಲರಿ, ಒಂದು ಹೊರೆ ಸ್ಟೀಲಿನ ಲೋಟ.

"ಎಂತ ಇದು ಟೀಚರ್?"

"ಕ್ಲಬ್ಬಿನದ್ದು. ಟ್ರ್ಯಾಕು ಎಲ್ಲಿಗೆ ಹೋಗ್ತದೋ ಇದೂ ಅಲ್ಲಿಗೆ. ಹುಡುಗರು ಐದೂವರೆಗೇ ಗೇಟು ಬಡೀತಾರೆ ಹಸೀನಾ. ಮಣ್ಣಿಗೆ ನೀರು ಹಾಕಬೇಕು ಅಲ್ವಾ, ಬಿಸಿಲು ಬರುವ ಮೊದಲು. ಬಂದ ಕೂಡಲೇ ಚಾ. ಎಂಟು ಗಂಟೆಗೆ ತಿಂಡಿ. ಮಧ್ಯಾಹ್ನ ಗಂಜಿಯಾದ್ರೂ ಸಾಕು, ಚಟ್ನಿ ಮಾತ್ರ ಜಾಸ್ತಿ ಬೇಕು."

ಹಸೀನಾ ಪಾತ್ರೆಯನ್ನು ನೋಡಿದಳು. ವರ್ಷವಿಡೀ ಈ ಜಗಲಿಯಲ್ಲಿ ಕೂತು, ಎದುರು ಬಂದ ತಟ್ಟೆಯನ್ನು ಖಾಲಿ ಮಾಡಿದ್ದಳು. ತಟ್ಟೆ ಎಲ್ಲಿಂದ ಬರುತ್ತದೆ, ಅದರ ಹಿಂದಿನ ಕೈ ಎಷ್ಟು ಗಂಟೆಗೆ ಎದ್ದಿರುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನಿನ್ನೆಯ ಆಕಳಿಕೆ ನೆನಪಾಯಿತು. ನೀರಿನ ಬಾಟ್ಲಿ ನೆನಪಾಯಿತು. ಸಾಲದಿದ್ದರೆ ಕಾರಿನಲ್ಲಿ ಇನ್ನೂ ಇದೆ ಎಂದದ್ದು ನೆನಪಾಯಿತು.

"ಟೀಚರ್! ನೀವು ಬೇಕೂಂತಲೇ ನೀರು ಕೊಟ್ಟದ್ದು!"

"ಒಂದು ವರ್ಷ ಆಯ್ತು ಮಾರಾಯ್ತಿ, ಭಾನುವಾರ ಮಲಗದೆ," ಎಂದರು ಸೆಲೀನ್ ಟೀಚರು, ನಗು ತಡೆಯಲಾರದೆ. "ಚರ್ಚಿನಲ್ಲಿ ಏಳೂವರೆಯ ಪೂಜೆ ತಪ್ಪಿಸಿ ಸಂಜೆಯ ಪೂಜೆಗೆ ಹೋಗುವ ಹಾಗಾಯ್ತು. ಪಾದ್ರಿಗಳು ನನ್ನ ಮುಖವೇ ಮರೆತಿದ್ದಾರೆ."

ಪಡುಬಿದ್ರಿಯ ಬಸ್ಸಿನಲ್ಲಿ ಆ ಪಾತ್ರೆಗೂ ಒಂದು ಸೀಟು ಬೇಕಾಯಿತು. ದಾರಿಯುದ್ದಕ್ಕೂ ಆಸ್ಯಾ ನಕ್ಕಳು. ಹಸೀನಾ ಪಾತ್ರೆಯ ಮೇಲೆ ಗಲ್ಲವಿಟ್ಟು, ನಗುವುದೋ ಅಳುವುದೋ ತಿಳಿಯದೆ, ಬೆಳ್ಮಣ್ ಬರುವ ಮೊದಲೇ ನಿದ್ದೆ ಹೋದಳು.

ಮಳೆ ಬಂತು, ಹೋಯಿತು. ಡಿಸೆಂಬರಿನ ಹೊತ್ತಿಗೆ ಮನೆಯ ಹಿಂದಿನ ಜಾಗಕ್ಕೆ ಕೆಂಪು ಮಣ್ಣು ಬಿತ್ತು, ಪೈಪು ಹೂತರು, ಟ್ರ್ಯಾಕು ತಯಾರಾಯಿತು. ಮೊದಲ ಭಾನುವಾರ ಐದೂವರೆಗೆ ಗೇಟು ಬಡಿದದ್ದೂ ಆಯಿತು. ಹಸೀನಾ ಒಂದು ಮಾತೂ ಗೊಣಗದೆ ಎದ್ದು ಆ ದೊಡ್ಡ ಪಾತ್ರೆಯಲ್ಲಿ ಚಹಾ ಕಾಯಿಸಿದಳು. ಹುಡುಗರು ಒಂದು ಗುಟುಕು ಕುಡಿದು ಪರಸ್ಪರ ಮುಖ ನೋಡಿಕೊಂಡರು. ಆಂಟಿಗೆ ಬೇಸರವಾಗಬಾರದಲ್ಲ, ಒಬ್ಬೊಬ್ಬರಾಗಿ ಬಾಳೆಯ ಬುಡಕ್ಕೆ ಹೋಗಿ ಲೋಟ ಖಾಲಿ ಮಾಡಿ ಬಂದರು.

"ಆಂಟಿ, ಮುಂದಿನ ವಾರದಿಂದ ನೀವು ಸುಮ್ಮನೆ ಕಷ್ಟ ಪಡಬೇಡಿ," ಎಂದ ಬ್ರ್ಯಾಂಡನ್ ಬಹಳ ಮರ್ಯಾದೆಯಿಂದ. "ನಾವು ಚಾ, ತಿಂಡಿ ಎಲ್ಲ ಪೇಟೆಯಿಂದಲೇ ತರ್ತೇವೆ."

"ಹಾಗೆಲ್ಲ ಆಗ್ತದಾ? ನಮ್ಮ ಮನೆಗೆ ಬಂದು..."

"ಪರವಾಗಿಲ್ಲ ಆಂಟಿ. ಪ್ರಾಮಿಸ್."

ಮೈತುಂಬ ನಿದ್ದೆ ಮಾಡಿದ ಕಳೆಯಲ್ಲಿ ಸೆಲೀನ್ ಟೀಚರು ಬಂದಾಗ ಹತ್ತು ಗಂಟೆ. ಬೆಳಗಿನ ಪೂಜೆ ಮುಗಿಸಿ, ಮುಡಿಗೆ ಅಬ್ಬಲಿಗೆ ಹೂ ಮುಡಿದು ಬಂದಿದ್ದರು. ಉಳಿದ ಚಹಾದಲ್ಲಿ ಒಂದು ಲೋಟ ಅವರಿಗೂ ಬಂತು. ಗುಟುಕರಿಸಿದರು. ಬಾವಿಯ ಕಡೆ ಒಮ್ಮೆ ನೋಡಿದರು. ಮಳೆ ನಿಂತು ಇನ್ನೂ ಹೆಚ್ಚು ದಿನವಾಗಿಲ್ಲ, ಬಾವಿ ಕಟ್ಟೆಯ ಹತ್ತಿರದವರೆಗೆ ತುಂಬಿ ನಿಂತಿತ್ತು.

"ಹಸೀನಾ, ಈ ಸಲ ಡಿಸೆಂಬರಿನಲ್ಲೇ ಉಪ್ಪು ಬಂತಾ?"

"ಬಂತು ಟೀಚರ್. ಈ ಸಲ ಸ್ವಲ್ಪ ಬೇಗ." ಹಸೀನಾ ಬೆರಳಿಗೆ ಅಂಟಿದ್ದ ಉಪ್ಪಿನ ಹರಳನ್ನು ಸೆರಗಿನ ತುದಿಯಿಂದ ಒರಸಿಕೊಂಡಳು.

ಸೆಲೀನ್ ಟೀಚರು ಲೋಟವನ್ನು ಕೆಳಗಿಡಲಿಲ್ಲ. ಒಂದೇ ಉಸಿರಿಗೆ ಪೂರ್ತಿ ಕುಡಿದು, "ಚಂದ ಉಂಟು," ಎಂದರು ಎಲ್ಲರಿಗೂ ಕೇಳುವಂತೆ. "ಹೋಗಿ ಮಲಗಿ ಈಗ. ಇವರನ್ನು ನಾನು ನೋಡಿಕೊಳ್ತೇನೆ."

ಹಸೀನಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಿಸಿಲು ಆಗಲೇ ಕಿಟಕಿಯ ಸರಳು ದಾಟಿತ್ತು. ಇರಲಿ. ಹಿಂದುಗಡೆಯಿಂದ ಮೋಟಾರುಗಳ ಗುರ್ರೆಂಬ ಸದ್ದು ಕೇಳುತ್ತಿತ್ತು; ಅವುಗಳಲ್ಲಿ ಇಪ್ಪತ್ತೇಳು ಯಾವುದೆಂದು ಅವಳ ಕಿವಿ ಹುಡುಕಿ ಹಿಡಿಯಿತು. ಅದು ತಿರುವು ದಾಟಿ ಎಳೆದುಕೊಂಡು ಮೇಲೆದ್ದು ಬರುವುದನ್ನು ಕೇಳಿಸಿಕೊಂಡಳು. ಮುಂದಿನ ರೌಂಡು ಕೇಳಲು ಅವಳು ಎಚ್ಚರವಿರಲಿಲ್ಲ.